ಜೀಪಿನ ಯಜಮಾನ

ಹಗ್ಗ ಕಟ್ಟಿ ಜೀಪನ್ನು ಹಳ್ಳದಿಂದ ಎಳೆದವರು ನಕ್ಕಿದ್ದರೆ ನರೇಶನಿಗೆ ಅಷ್ಟು ಅವಮಾನವಾಗುತ್ತಿರಲಿಲ್ಲ. ಅವರು ಕನಿಕರ ತೋರಿಸಿದರು. ಹೊಸೂರಿನ ಹಲ್ಲಿನ ಡಾಕ್ಟರೊಬ್ಬರು ತಮ್ಮ ಹೊಚ್ಚಹೊಸ ಕೆಂಪು ಗಾಡಿಯಿಂದ ಇಳಿದು, ಬೂಟಿಗೆ ಕೆಸರಾಗದಂತೆ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಬಂದು, "ಪಾಪ, ವಯಸ್ಸಾಯ್ತು" ಎಂದರು. ಜೀಪಿಗೆ ಹೇಳಿದರೋ ತನಗೆ ಹೇಳಿದರೋ ಎಂದು ನರೇಶ ಮತ್ತಿಗಿರಿಯ ಮನೆ ಮುಟ್ಟುವವರೆಗೂ ಯೋಚಿಸಿದ.

ಅದು ಭಾನುವಾರ ಬೆಳಿಗ್ಗೆ ಗುಡ್ಡ ಹತ್ತಿ, ಹಳ್ಳ ಇಳಿದು, ಮಧ್ಯಾಹ್ನ ಬಿರಿಯಾನಿ ತಿಂದು, ಸಂಜೆ ಫೋಟೊ ಹಾಕುವ ಗುಂಪು. ಹೊಸೂರಿನ ಫ್ಯಾಕ್ಟರಿಗಳ ಮ್ಯಾನೇಜರುಗಳು, ಡಾಕ್ಟರುಗಳು, ಒಬ್ಬಿಬ್ಬರು ಬಿಲ್ಡರುಗಳು ಸೇರಿ ವಾರದ ಆರು ದಿನದ ಎಸಿ ಗಾಳಿಯ ಪಾಪವನ್ನು ಏಳನೆಯ ದಿನ ಧೂಳಿನಲ್ಲಿ ತೊಳೆದುಕೊಳ್ಳುತ್ತಿದ್ದರು. ನರೇಶ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಪರ್ಚೇಸ್ ಮ್ಯಾನೇಜರ್. ತುಮಕೂರು ಕಡೆಯವನು, ಕೆಲಸಕ್ಕೆಂದು ಬಂದು ಉದ್ದನಪಲ್ಲಿಯ ರಾಮಚಂದ್ರಪ್ಪನವರ ಮಗಳು ಮಂಗಳಾಳನ್ನು ಮದುವೆಯಾದವನು. ಜೀಪು ರಾಮಚಂದ್ರಪ್ಪನವರದು. ಒಂದು ಕಾಲಕ್ಕೆ ಅದರಲ್ಲಿ ಕೋಸು, ಟೊಮೆಟೊ, ಬಾಣಂತಿಯರು, ದೇವರ ಮೂರ್ತಿ ಎಲ್ಲವೂ ಸವಾರಿ ಮಾಡಿದ್ದವು. ಮದುವೆಯಲ್ಲಿ ಅವರು ಅದನ್ನು ಅಳಿಯನ ಹೆಸರಿಗೆ ಮಾಡಿಕೊಟ್ಟರು. ಆಮೇಲೆ ಹೆಚ್ಚು ದಿನ ಬದುಕಲಿಲ್ಲ. ಜೀಪು ಬದುಕಿತು. ಅದೇ ತೊಂದರೆ.

ಹೊಸದು ತೆಗೆದುಕೊಳ್ಳುವುದು ನರೇಶನ ಸಂಬಳದ ಮೇಲೆ ನಿಂತಿರಲಿಲ್ಲ, ಅತ್ತೆ ಭದ್ರಮ್ಮನ ಬಾಯಿಮಾತಿನ ಮೇಲೆ ನಿಂತಿತ್ತು. ಕಾರ್ಖಾನೆಯವರಿಗೆ ಜಮೀನು ಮಾರಿದ ದುಡ್ಡಿನೊಂದಿಗೆ ಭದ್ರಮ್ಮ ಮಗಳ ಮನೆಯಲ್ಲೇ ಇದ್ದರು. ಕೊಡುವ ಕೈಯೇ, ಆದರೆ ಕಾರಣ ಕೇಳುವ ಕೈ. ನರೇಶ ಒಂದು ಸಂಜೆ ಊಟಕ್ಕೆ ಮುಂಚೆ ಆಫೀಸಿನಲ್ಲಿ ಮಾತಾಡುವಂತೆ ಮಾತಾಡಿದ. ಕ್ಲಚ್ ಹೋಗಿದೆ, ಗೇರ್‌ಬಾಕ್ಸ್ ಕಿರುಗುಟ್ಟುತ್ತದೆ, ರೇಡಿಯೇಟರ್ ಸೋರುತ್ತದೆ, ರಿಪೇರಿಗೆ ಸುರಿಯುವುದು ಬೂದಿಯಲ್ಲಿ ಹೋಮ ಮಾಡಿದಂತೆ.

ಭದ್ರಮ್ಮ ಅವರೆಕಾಯಿ ಸುಲಿಯುತ್ತಿದ್ದರು. "ನಿನ್ನೆ ಸಂತೆಗೆ ಅದ್ರಾಗೇ ಹೋಗ್ಬಂದ್ವಲ್ಲ ಅಳಿಯಂದ್ರೇ?"

"ಹೋದ್ವಿ. ಆದರೆ..."

"ಓಡೋ ಗಾಡೀನ ಯಾರಾದ್ರೂ ತೆಗೆದು ಬಿಸಾಕ್ತಾರಾ? ಅದು ಓಡಾಕಾಗಲ್ಲ ಅಂದ ದಿನ ಹೇಳಿ. ನಿಮ್ಗೆ ಇಷ್ಟ ಬಂದಿದ್ದು ನಾನೇ ತೆಕ್ಕೊಡ್ತೀನಿ. ಕೆಂಪುದಾದ್ರೂ ಆಗ್ಲಿ, ನೀಲೀದಾದ್ರೂ ಆಗ್ಲಿ."

ಹಾಗೆ ತೀರ್ಪಾಯಿತು. ಇನ್ನು ಜೀಪು ಸಾಯಬೇಕಿತ್ತು.

ಸಾಯುವ ಲಕ್ಷಣ ಅದಕ್ಕಿರಲಿಲ್ಲ. ಮತ್ತಿಗಿರಿಯ ಮೆಕ್ಯಾನಿಕ್ ಚಿನ್ನಸ್ವಾಮಿಯ ಶೆಡ್ಡಿಗೆ ಹೋಗಿ, ಇದು ಇನ್ನಾಗುವುದಿಲ್ಲ ಎಂದು ಒಂದು ಮಾತು ಮನೆಯವರ ಮುಂದೆ ಹೇಳಿಬಿಡು ಎಂದು ನರೇಶ ನಯವಾಗಿ ಕೇಳಿದ. ಚಿನ್ನಸ್ವಾಮಿಗೆ ಅದು ಅವಮಾನವೆನಿಸಿತು. "ಆಗಲ್ಲ ಅನ್ನೋ ಮಾತು ನನ್ ಬಾಯಾಗೆ ಬರಲ್ಲ ಸಾರ್. ಬಿಟ್ಟೋಗಿ" ಎಂದ. ವಾರ ಕಳೆದು ಜೀಪು ಮೊದಲಿಗಿಂತ ಗಟ್ಟಿಯಾಗಿ ಕೆಮ್ಮುತ್ತ ಮನೆಗೆ ಬಂತು. ಭದ್ರಮ್ಮ ಚಿನ್ನಸ್ವಾಮಿಗೆ ಊಟ ಹಾಕಿ ಕಳಿಸಿದರು.

ಅವತ್ತು ನರೇಶ ನಿರ್ಧರಿಸಿದ. ತಾನಾಗಿ ಸಾಯದ್ದನ್ನು ಕಳ್ಳರು ಕದಿಯಬೇಕು.

ಅಪರಾಧ ಮಾಡುವವರ ಬಗ್ಗೆ ಅವನಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಅವರು ಓದದವರು, ಅವಸರದವರು, ಮುಖ್ಯವಾಗಿ ರಾತ್ರಿ ಹೊತ್ತು ಕೆಲಸ ಮಾಡುವವರು. ಸಾನಮಾವು ಕಾಡಿನ ಸುತ್ತಮುತ್ತ ರಾತ್ರಿ ಹೊತ್ತು ಅಪರಾಧ ಮಾಡುವವನಷ್ಟು ದಡ್ಡ ಇನ್ನೊಬ್ಬನಿಲ್ಲ. ಕತ್ತಲಾದರೆ ಆನೆ ಬರುತ್ತದೆ. ಆನೆ ಬಂದರೆ ಅರಣ್ಯ ಇಲಾಖೆಯವರು ಬರುತ್ತಾರೆ, ಅವರ ಹಿಂದೆ ಟಾರ್ಚು ಹಿಡಿದು ಹಳ್ಳಿಯವರು ಬರುತ್ತಾರೆ, ಸಿಕ್ಕ ಸಿಕ್ಕ ಗಾಡಿಯನ್ನೆಲ್ಲ ನಿಲ್ಲಿಸಿ ಎಲ್ಲಿಗೆ ಎಂದು ಕೇಳುತ್ತಾರೆ. ಬಿಸಿಲಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಹಳೆಯ ಜೀಪೊಂದು ಹಗಲು ಹೊತ್ತು ಉದ್ದನಪಲ್ಲಿ ದಾಟಿ ಹೋದರೆ ಅದನ್ನು ನೋಡಿದವನು ಟೊಮೆಟೊ ಎಂದುಕೊಳ್ಳುತ್ತಾನೆ, ಮರೆಯುತ್ತಾನೆ.

ಜಾಗವೂ ಸಿಕ್ಕಿತ್ತು. ಉದ್ದನಪಲ್ಲಿಯಿಂದ ರಾಯಕೋಟೆ ಕಡೆಗೆ ಹೋಗುವಾಗ ಒಂದು ಮಣ್ಣಿನ ದಾರಿ ಒಡೆಯುತ್ತದೆ. ಅದರ ಕೊನೆಗೆ ಕೆಲಸ ನಿಂತುಹೋದ ಕಲ್ಲಿನ ಕ್ವಾರಿ, ಒಳಗೆ ಮಳೆನೀರು ತುಂಬಿ ಹಸಿರುಗಟ್ಟಿದ ಹೊಂಡ. ಆಳ ಎಷ್ಟೆಂದು ಯಾರಿಗೂ ಗೊತ್ತಿಲ್ಲ. ದನ ಕುಡಿಯಲು ದಾರಿಯಿಲ್ಲ, ಹುಡುಗರು ಈಜಲು ಹೆದರುತ್ತಾರೆ. ಜೀಪು ಅಲ್ಲಿ ಮಲಗಲಿ. ಹೊಸೂರಿನ ಬೆಟ್ಟದ ದೇವಸ್ಥಾನದ ಕೆಳಗೆ ನಿಲ್ಲಿಸಿ, ಮೇಲೆ ದರ್ಶನಕ್ಕೆ ಹೋಗಿ ಬರುವಷ್ಟರಲ್ಲಿ ಕಳುವಾಯಿತು ಎಂದು ಜಗತ್ತು ನಂಬಲಿ. ಅಲ್ಲಿ ಹಬ್ಬ ಹುಣ್ಣಿಮೆಗಳಲ್ಲಿ ಬೈಕುಗಳು ಹೋಗುತ್ತಲೇ ಇದ್ದವು. ಕ್ಯಾಮೆರಾ ಇಲ್ಲದ ಬದಿಯನ್ನು ಅವನು ಮೊದಲೇ ನೋಡಿಟ್ಟಿದ್ದ. ಫೋನು ಎಲ್ಲಿ ಹೋದರೂ ಟವರಿಗೆ ಗೊತ್ತಾಗುತ್ತದೆ ಎಂಬುದನ್ನೂ ಮರೆತಿರಲಿಲ್ಲ. ಹಿಂದಿನ ದಿನವೇ ಬೆಟ್ಟದ ಹತ್ತಿರದ ಅಂಗಡಿಯೊಂದಕ್ಕೆ ಫೋನನ್ನು ಗಾಜು ಬದಲಿಸಲು ಕೊಟ್ಟ. ಒಡೆಯದಿದ್ದ ಗಾಜನ್ನು ತಾನೇ ಮನೆಯಲ್ಲಿ ಸುತ್ತಿಗೆಯಿಂದ ಒಡೆದಿದ್ದ. ಇಂಥ ಸಣ್ಣ ವಿಷಯಗಳಲ್ಲೇ ತಾನು ಉಳಿದವರಿಗಿಂತ ಭಿನ್ನ ಎಂದು ಅವನಿಗನ್ನಿಸಿತು.

ಶನಿವಾರ ಬೆಳಿಗ್ಗೆ ಜೀಪು ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತು. ಈಚೆಗೆ ಎಂದೂ ಹಾಗೆ ಆಗಿರಲಿಲ್ಲ. ಸಾನಮಾವು ದಾರಿಯ ಏರನ್ನು ಕೆಮ್ಮದೆ ಹತ್ತಿತು, ಗೇರು ಬೆಣ್ಣೆಯಂತೆ ಬಿತ್ತು. ಬಲಿಗೆ ಹೊರಟ ಕುರಿ ಕುಣಿಯುತ್ತದಂತೆ. ನರೇಶ ಆ ಯೋಚನೆಯನ್ನು ಮುಂದುವರಿಸಲಿಲ್ಲ. ಕ್ವಾರಿಯ ಅಂಚಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಇಳಿದು ನೂಕಿದರೆ ಮಾತ್ರ ಅಲುಗಲಿಲ್ಲ. ಹಿಂದಿನ ಚಕ್ರಕ್ಕೆ ಕಲ್ಲು ಸಿಕ್ಕಿತ್ತು. ಕಲ್ಲು ತೆಗೆದು, ಬೆನ್ನು ಕೊಟ್ಟು, ಹಲ್ಲು ಕಚ್ಚಿ ತಳ್ಳಿದ. ಜೀಪು ಮೂಗು ಬಗ್ಗಿಸಿ ಇಳಿಯಿತು. ನೀರು ಮುಟ್ಟಿದ ಮೇಲೆ ಅದರ ಟಾರ್ಪಾಲಿನ ಛಾವಣಿ ಗಾಳಿ ತುಂಬಿ ಉಬ್ಬಿ, ಯಾರೋ ಒಳಗಿಂದ ಉಸಿರು ಎಳೆದುಕೊಂಡಂತೆ ಕಂಡಿತು. ಒಂದು ಕ್ಷಣ ಮಾವನ ನೆನಪಾಯಿತು. ಮರುಕ್ಷಣ ಕೆಂಪು ಬಣ್ಣದ ನೆನಪಾಯಿತು. ನೀರು ಮುಚ್ಚಿಕೊಂಡಿತು.

ಅವನು ರಸ್ತೆಯವರೆಗೆ ನಡೆದು ಬಸ್ಸು ಹಿಡಿದು ಹೊಸೂರಿಗೆ ಬಂದ. ಬೆಟ್ಟ ಹತ್ತಿ, ಕೈಮುಗಿದು, ವಿಭೂತಿ ಹಚ್ಚಿಕೊಂಡು ಇಳಿದ. ಕೆಳಗೆ ನಿಂತು ಅತ್ತ ನೋಡಿದ, ಇತ್ತ ನೋಡಿದ, ಜೇಬು ಮುಟ್ಟಿಕೊಂಡ, ತಲೆಯ ಮೇಲೆ ಕೈಯಿಟ್ಟ. ಯಾರೂ ಗಮನಿಸಲಿಲ್ಲ. ಇಷ್ಟು ಚೆನ್ನಾದ ಅಭಿನಯ ವ್ಯರ್ಥವಾಯಿತಲ್ಲ ಎಂದು ಅವನಿಗೆ ಸ್ವಲ್ಪ ಬೇಸರವೇ ಆಯಿತು.

ಠಾಣೆಯಲ್ಲಿ ಬೇಸರ ಕಳೆಯಿತು. ಕಳುವಾದ ಗಾಡಿಗೆ ದೂರು ಕೊಡಲು ಹೋದವರು ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿರುತ್ತಾರೆ ಎಂದು ಕಾರ್ಖಾನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅವನನ್ನೂ ಮೊದಲು ಒಬ್ಬ ಪೇದೆ ಆಕಳಿಸುತ್ತಲೇ ವಿಚಾರಿಸಿದ. ಯಾವ ಗಾಡಿ ಎಂದ. ಹಳೆಯ ಫೋರ್ ವೀಲ್ ಜೀಪು, ಮಿಲಿಟರಿ ಹಸಿರು, ಟಾರ್ಪಾಲು ಛಾವಣಿ ಎಂದು ನರೇಶ ಹೇಳಿದ್ದೇ ತಡ, ಪೇದೆಯ ಆಕಳಿಕೆ ಅರ್ಧಕ್ಕೆ ನಿಂತಿತು. ಎದ್ದು ಒಳಗೆ ಹೋದ. ಹೊರಗೆ ಬಂದವನು, "ಉಕ್ಕಾರುಂಗ ಸಾರ್" ಎಂದು ತಮಿಳಿನಲ್ಲಿ ಕೂರಲು ಹೇಳಿ ಕುರ್ಚಿ ಎಳೆದ. ಟೀ ಬಂತು. ಸಬ್‌ಇನ್‌ಸ್ಪೆಕ್ಟರ್ ಮುನಿರಾಜ್ ತಾವೇ ಎದುರು ಕೂತರು. ನಲವತ್ತರ ಆಸುಪಾಸಿನ, ಮೆಲುದನಿಯ ಮನುಷ್ಯ, ಸುತ್ತಿನ ಹಳ್ಳಿಯವರೇ.

"ಜೀಪು ನಿಮ್ ಹೆಸರಲ್ಲೇ ಐತಾ ಸಾರ್?"

"ನನ್ನ ಹೆಸರಲ್ಲೇ."

"ಬೇರೆ ಯಾರಾದ್ರೂ ಓಡಿಸ್ತಾರಾ?"

"ಯಾರೂ ಇಲ್ಲ. ಹೆಂಡ್ತಿಗೂ ಕೊಡಲ್ಲ. ಆ ಗಾಡಿ ಪಳಗಿದ ಕೈಗೆ ಮಾತ್ರ ಬಗ್ಗೋದು."

"ಕಳುವಾಗಿದ್ದು ಇವತ್ತೇನಾ?"

"ಇವತ್ತೇ. ಬೆಳಿಗ್ಗೆ ನಾನೇ ಓಡಿಸ್ಕೊಂಡು ಬಂದು ಬೆಟ್ಟದ ಕೆಳಗೆ ನಿಲ್ಲಿಸಿದೆ."

ಮುನಿರಾಜ್ ಅದನ್ನು ಇನ್ನೊಮ್ಮೆ ಕೇಳಿದರು. ನರೇಶ ಇನ್ನೊಮ್ಮೆ ಹೇಳಿದ. ಸರಿಯಾದ ಮನುಷ್ಯ ಸರಿಯಾದ ಧಾಟಿಯಲ್ಲಿ ಮಾತಾಡಿದರೆ ಪೊಲೀಸರೂ ಮನುಷ್ಯರೇ ಎಂದು ಅವನು ಮನೆಗೆ ಹೋಗುವಾಗ ಅಂದುಕೊಂಡ.

ಮನೆಯಲ್ಲಿ ಮಂಗಳಾ ಅತ್ತಳು. ಅದನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. "ಅಪ್ಪ ನನ್ನ ಅದರಲ್ಲೇ ಸ್ಕೂಲಿಗೆ ಬಿಡ್ತಿದ್ರು ರೀ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನರೇಶ ಅವಳ ತಲೆ ಸವರಿ, ಕಳ್ಳರಿಗೆ ಶಾಪ ಹಾಕಿದ. ಶಾಪ ಸ್ವಲ್ಪ ಮೆತ್ತಗೆ ಹಾಕಿದ. ಭದ್ರಮ್ಮ ಬಂದು ಮಗಳ ಪಕ್ಕದಲ್ಲಿ ಕೂತರು. ಕೊನೆಗೆ, "ಹೋಗಿದ್ದು ಹೋಯ್ತು. ಮಾತು ಕೊಟ್ಟಿದೀನಿ. ಹೊಸದು ನೋಡ್ಕಳಿ ಅಳಿಯಂದ್ರೇ" ಎಂದು ಎದ್ದು ಒಳಗೆ ಹೋದರು.

ನೋಡಿಕೊಳ್ಳಲು ಅವನು ಹೆಚ್ಚು ದಿನ ಕಾಯಲಿಲ್ಲ. ಶೋರೂಮಿನಲ್ಲಿ ಕೆಂಪು ಗಾಡಿಯ ಚರ್ಮದ ಸೀಟಿನಲ್ಲಿ ಕೂತು, ಹಲ್ಲಿನ ಡಾಕ್ಟರನ್ನು ಹಳ್ಳದಿಂದ ಎಳೆಯುವಾಗ ಹೇಳಬೇಕಾದ ಕನಿಕರದ ಮಾತನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದಾಗ ಫೋನು ಬಂತು.

"ನರೇಶ್ ಸಾರಾ? ಮುನಿರಾಜ್ ಮಾತಾಡ್ತಿರೋದು. ಒಂದು ಜೀಪು ಐತೆ ಸಾರ್. ಬಂದು ನೋಡ್ತೀರಾ?"

ಅವನು ಸ್ಟೀರಿಂಗಿನಿಂದ ಕೈ ತೆಗೆದ. ಕ್ವಾರಿಯಿಂದ ಎತ್ತಿದರೇ? ಯಾರು ನೋಡಿದರು? ಠಾಣೆಗೆ ಹೋಗುವ ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿದ. ಕಳ್ಳರೇ ತಳ್ಳಿರಬೇಕು. ಪಾಪಿಗಳು. ಮಾವನವರ ನೆನಪು.

ಠಾಣೆಯ ಹಿತ್ತಲಲ್ಲಿ ಬೇವಿನ ಮರದ ಕೆಳಗೆ ಜೀಪು ನಿಂತಿತ್ತು. ಒಣಗಿತ್ತು. ಅದನ್ನು ಕಂಡು ಅವನಿಗೆ ಮೊದಲು ನಗು ಬಂತು, ಅದನ್ನು ಕೆಮ್ಮಾಗಿ ಬದಲಿಸಿದ. ಅದು ಅವನ ಜೀಪಲ್ಲ. ಅದೇ ಮಾದರಿ, ಅದೇ ಮಿಲಿಟರಿ ಹಸಿರು, ಅದೇ ಟಾರ್ಪಾಲು. ಆದರೆ ಇದು ಸಾಕಿದವರ ಜೀಪು. ದಪ್ಪ ಹಲ್ಲಿನ ಹೊಸ ಟೈರುಗಳು, ಮುಂದುಗಡೆ ಸಿಕ್ಕಿಬಿದ್ದ ಗಾಡಿ ಎಳೆಯಲು ಹಗ್ಗ ಸುತ್ತಿದ ವಿಂಚು, ಒಳಗೆ ಹೊಸ ಸೀಟು. ನಂಬರ್ ಪ್ಲೇಟ್ ಇರಲಿಲ್ಲ. ಮುಂದಿನ ಬಂಪರು ಒಂದು ಬದಿ ಒಳಗೆ ಬಾಗಿ, ಆ ಬದಿಯ ಲೈಟು ಒಡೆದಿತ್ತು.

"ಚಾಸಿ ನಂಬರು, ಇಂಜಿನ್ ನಂಬರು ಎರಡೂ ಉಜ್ಜಾಕ್ಬುಟ್ಟವ್ರೆ" ಎಂದರು ಮುನಿರಾಜ್. "ಅದ್ಕೇ ನೀವೇ ನೋಡಿ ಹೇಳ್ಬೇಕು. ಅವಸರ ಇಲ್ಲ. ನಿಮ್ದಲ್ಲ ಅಂದ್ರೆ ಇನ್ನೂ ಹುಡುಕ್ತೀವಿ. ಈ ಕಡೆ ಕದ್ದ ಗಾಡಿನೆಲ್ಲ ಕ್ವಾರಿ ನೀರಿಗೆ ತಳ್ತಾರೆ ಸಾರ್. ಫೈರ್ ಸರ್ವಿಸ್‌ನೋರಿಗೆ ಹೇಳಿದ್ರೆ ಒಂದೊಂದಾಗಿ ಇಳಿದು ನೋಡ್ತಾರೆ."

ನರೇಶ ಜೀಪನ್ನು ಒಂದು ಸುತ್ತು ಹಾಕಿದ. ಜೀವಮಾನದಲ್ಲಿ ಇಷ್ಟು ಬೇಗ, ಇಷ್ಟು ಸ್ವಚ್ಛವಾಗಿ ಅವನ ತಲೆ ಓಡಿರಲಿಲ್ಲ. ಅಲ್ಲ ಎಂದರೆ ಕ್ವಾರಿ. ಹೌದು ಎಂದರೆ ಕೇಸು ಮುಗಿಯಿತು, ಹೊಂಡದ ಗೋಜಿಗೆ ಯಾರೂ ಹೋಗುವುದಿಲ್ಲ. ಇದರ ನಿಜವಾದ ಯಜಮಾನ? ನಂಬರು ಉಜ್ಜಿದ ಗಾಡಿಗೆ ಯಜಮಾನ ಬರುವುದಿಲ್ಲ. ಬರುವಂತಿದ್ದರೆ ಉಜ್ಜುತ್ತಿರಲಿಲ್ಲ. ಕೆಂಪು ಗಾಡಿ ಕೈತಪ್ಪುತ್ತದೆ, ನಿಜ. ಆದರೆ ಈ ವಿಂಚು, ಈ ಟೈರು. ರಿಪೇರಿಯೋ ಹೊಸದೋ ಎಂದು ಅಷ್ಟು ದಿನ ಮನೆಯಲ್ಲಿ ನಡೆದ ವಾದಕ್ಕೆ ದೇವರೇ ಮಧ್ಯಸ್ಥಿಕೆ ವಹಿಸಿ ಮೂರನೆಯ ದಾರಿ ತೋರಿಸಿದಂತಿತ್ತು. ಚಿನ್ನಸ್ವಾಮಿ ರಿಪೇರಿ ಮಾಡಿದ್ದಾನೆ ಎಂದರೆ ಅತ್ತೆ ನಂಬುತ್ತಾರೆ. ಹೊಗಳಿದರೆ ಚಿನ್ನಸ್ವಾಮಿಯೂ ನಂಬಬಹುದು.

"ನಂದೇ" ಎಂದ.

"ಯೋಚ್ನೆ ಮಾಡಿ ಹೇಳಿ ಸಾರ್."

"ಯೋಚನೆ ಏನು ಬಂತು? ಹೆತ್ತ ಮಗುನ ಗುರುತು ಹಿಡಿಯೋದಿಲ್ವಾ?"

"ಟೈರು ಹೊಸದು ಅಂತ ಅವತ್ತು ಹೇಳ್ಲಿಲ್ಲ."

"ಗಾಬರಿಯಲ್ಲಿ ಮರೆತೆ. ನಾನೇ ನಿಂತು ಹಾಕಿಸಿದ್ದು. ಈ ವಿಂಚೂ ಅಷ್ಟೆ, ನಮ್ಮ ಗುಂಪಿನಲ್ಲಿ ಯಾರ ಹತ್ರಾನೂ ಇಂಥದ್ದಿಲ್ಲ."

ಮುನಿರಾಜ್ ಬಗ್ಗಿ ಬಂಪರಿನ ಮೇಲೆ ಬೆರಳಾಡಿಸಿದರು. "ಇದು? ಕಳ್ಳರು ಗುದ್ದಿರೋದಾ?"

ಅಜ್ಞಾನ ಅನುಮಾನಕ್ಕೆ ದಾರಿ, ವಿವರ ನಂಬಿಕೆಗೆ ದಾರಿ. ನರೇಶ ಇದನ್ನು ಸಪ್ಲೈಯರುಗಳ ಜೊತೆ ಮಾತಾಡಿ ಮಾತಾಡಿ ಕಲಿತಿದ್ದ. "ಇಲ್ಲ ಇಲ್ಲ, ಅದು ನಾನೇ. ಸುಮಾರು ದಿನ ಆಯ್ತು. ಸಾನಮಾವು ಕಡೆಯಿಂದ ಬರುವಾಗ ಸ್ವಲ್ಪ ಜೋರಲ್ಲಿದ್ದೆ. ಗುದ್ದಿಬಿಡ್ತು. ರಿಪೇರಿ ಮಾಡಿಸೋಣ ಅಂತಿದ್ದೆ, ಅಷ್ಟರಲ್ಲಿ ಹೀಗಾಯ್ತು."

"ಯಾವುದಕ್ಕೆ ಗುದ್ದಿದ್ದು?"

"ಬಂಡೆಗೆ. ಅಂಥದ್ದೇನಿಲ್ಲ."

ಮುನಿರಾಜ್ ಕೈಯ ಧೂಳು ಕೊಡವಿಕೊಂಡರು. ಆಮೇಲೆ, "ಬನ್ನಿ ಸಾರ್, ಒಳಗೆ ಕೂತ್ಕಳಾಣ" ಎಂದರು.

ಒಳಗಿನ ಕೋಣೆಯ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಐವತ್ತು ದಾಟಿದ ವಯಸ್ಸು, ಬರಿಯ ಹಣೆ, ಮಡಿಲಲ್ಲಿ ಮಡಚಿಟ್ಟ ಕೈ. ನರೇಶ ಬಂದದ್ದನ್ನು ನೋಡಿ ಎದ್ದು ನಿಂತಳು.

"ನೀನೇನಪ್ಪ ಆ ಗಾಡಿಯೋನು?"

ಯಾರದೋ ಕುರಿ ಕಳುವಾಗಿರಬೇಕು, ತನಗೆ ಗಾಡಿ ಸಿಕ್ಕಿದ್ದನ್ನು ನೋಡಿ ಆಸೆಯಾಗಿರಬೇಕು ಎಂದು ನರೇಶ ಅಂದಾಜು ಮಾಡಿದ. "ಹೂಂ ಅಮ್ಮ, ನಂದೇ" ಎಂದ ಕರುಣೆಯಿಂದ.

"ಚೆನ್ನಾಗ್ ನೋಡ್ದಾ? ನಿಂದೇನಾ?"

"ನಂದೇಮ್ಮ. ನಿಮ್ಮದೂ ಸಿಗುತ್ತೆ, ಧೈರ್ಯವಾಗಿರಿ."

ಅವಳು ತಲೆಯಾಡಿಸಿ ಕೂತಳು. ಅಳಲಿಲ್ಲ. "ನಮ್ಮೆಜಮಾನ್ರು ಮೊಪೆಡ್ ಮ್ಯಾಗೆ ಗುಲಾಬಿ ಹೂವಿನ ಮೂಟೆ ಇಟ್ಕಂಡು ಮಾರ್ಕೆಟ್‌ಗೆ ಹೋಗ್ತಿದ್ರು" ಎಂದಳು, ನೆಲ ನೋಡುತ್ತ. "ನಿಲ್ಸಿ, ಎತ್ಕಂಡೋಗಿ ಆಸ್ಪತ್ರೆಗೆ ಹಾಕಿದ್ರೆ ಉಳೀತಿದ್ರಂತೆ. ಡಾಕ್ಟ್ರೇ ಹೇಳಿದ್ರು. ನೀನು ನಿಲ್ಸಲಿಲ್ವಲ್ಲಪ್ಪ."

ನರೇಶ ಮುನಿರಾಜರ ಕಡೆ ತಿರುಗಿದ. ಮುನಿರಾಜ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. "ಹನುಮಕ್ಕ ಅಂತ. ಇವ್ರ ಗಂಡ ಜಯರಾಮಯ್ಯ. ಸಾನಮಾವು ರಸ್ತೇಲಿ ಬೆಳಗಿನ ಹೊತ್ತು ಹಸಿರು ಜೀಪೊಂದು ಗುದ್ದಿ ಹೋಯ್ತು. ಮೊಪೆಡ್‌ನ ಬಣ್ಣ ಆ ಬಂಪರ್ ಮ್ಯಾಗೆ ಇನ್ನೂ ಐತೆ. ಜೀಪನ್ನ ತೋಪಿನೊಳಗೆ ಬಿಟ್ಟು, ನಂಬರು ಉಜ್ಜಿ ಓಡ್ಬುಟ್ಟಿದ್ರು. ನಮ್ಗೆ ಜೀಪು ಸಿಕ್ಕಿತ್ತು ಸಾರ್. ಯಜಮಾನ ಸಿಕ್ಕಿರ್ಲಿಲ್ಲ."

ನಿಜವಾದ ಯಜಮಾನ ಬುದ್ಧಿವಂತನಲ್ಲದ ಕಾರಣ ಎಲ್ಲಿಯೂ ಬಾಯಿ ಬಿಡದೆ ತನ್ನ ಮನೆಯಲ್ಲಿ ಸುಮ್ಮನೆ ಕೂತಿದ್ದ.

ನರೇಶನ ತಲೆ ಓಡುವುದನ್ನು ನಿಲ್ಲಿಸಲಿಲ್ಲ. ತನ್ನ ಯೋಜನೆಯ ಮೇಲೆ ಅವನಿಗೆ ಆಗಲೂ ಭರವಸೆಯಿತ್ತು. ಬಂಪರಿನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಗಾಬರಿ, ಗುರುತು ತಪ್ಪಿತು ಎನ್ನಬಹುದು. ಅದೆಲ್ಲಕ್ಕಿಂತ ದೊಡ್ಡ ಗುರಾಣಿ ಕೈಯಲ್ಲೇ ಇತ್ತು. "ಕಳ್ಳರು ಸಾರ್" ಎಂದ. "ಶನಿವಾರ ಕದ್ದವರೇ ಗುದ್ದಿರ್ತಾರೆ. ಗಾಡಿ ಆಗ ನನ್ನ ಹತ್ರ ಇರಲೇ ಇಲ್ವಲ್ಲ. ನಾನೇ ಬಂದು ದೂರು ಕೊಟ್ಟಿದ್ದೀನಲ್ಲ."

ಮುನಿರಾಜ್ ಬಾಗಿಲು ಬಿಟ್ಟು ಕಿಟಕಿಯ ಬಳಿಗೆ ಬಂದರು. ಕಿಟಕಿಯಾಚೆ ಇಬ್ಬರು ಪೇದೆಗಳು ಜೀಪನ್ನು ಬೇವಿನ ಮರದ ಕೆಳಗಿನಿಂದ ಮುಂದಕ್ಕೆ ತಳ್ಳುತ್ತಿದ್ದರು. ಮುನಿರಾಜ್ ಕಣ್ಣಲ್ಲೇ ಅತ್ತ ತೋರಿಸಿದರು, ನರೇಶ ನೋಡಿದ. ಹಿತ್ತಲಿನ ಹುಲ್ಲೆಲ್ಲ ಹಸಿರಾಗಿತ್ತು. ಜೀಪು ಸರಿದ ಜಾಗದಲ್ಲಿ ಮಾತ್ರ, ಅದರ ಉದ್ದಗಲಕ್ಕೆ ಸರಿಯಾಗಿ, ಹುಲ್ಲು ಬಿಸಿಲು ಕಾಣದೆ ಬಿಳಿಚಿ, ಹಳದಿಗಟ್ಟಿ, ನೆಲಕ್ಕಂಟಿ ಮಲಗಿತ್ತು. ನಾಲ್ಕೈದು ದಿನಕ್ಕೆ ಹುಲ್ಲು ಹಾಗಾಗುವುದಿಲ್ಲ. ಶನಿವಾರ ಬೆಳಿಗ್ಗೆ ತಾನೇ ಬೆಟ್ಟದ ಕೆಳಗೆ ನಿಲ್ಲಿಸಿದೆ ಎಂದು ಅವನು ಎರಡೆರಡು ಸಲ ಹೇಳಿ, ಈಗ ನಂದೇ ಎಂದು ಒಪ್ಪಿಕೊಂಡ ಜೀಪು, ಆ ಶನಿವಾರ ಅವನು ಮುಂದಿನ ಕೋಣೆಯಲ್ಲಿ ಟೀ ಕುಡಿಯುತ್ತ ಕೂತಿದ್ದಾಗಲೂ ಇದೇ ಹಿತ್ತಲಲ್ಲಿ ನಿಂತಿತ್ತು. ಒಂದು ಜೀಪು ಐತೆ ಎಂದಷ್ಟೇ ಮುನಿರಾಜ್ ಫೋನಿನಲ್ಲಿ ಹೇಳಿದ್ದರು. ಯಾವತ್ತು ಸಿಕ್ಕಿತು ಎಂದು ಅವನು ಕೇಳಿರಲಿಲ್ಲ.